ನಾಲ್ಕು ಪೈ, ಒಂದು ಪೆನ್ನಿ, ಶೇಕಡಾ ಆರು

1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸು ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಜಿಲ್ಲೆಯ ಜನ ಕೇಳಿಕೊಂಡದ್ದಕ್ಕಲ್ಲ, ಧಾರವಾಡದ ಹತ್ತಿಗಾಗಿ. ಅಮೆರಿಕದ ಅಂತರ್ಯುದ್ಧದಿಂದ ಲಂಕಾಶೈರಿನ ಗಿರಣಿಗಳಿಗೆ ಹತ್ತಿ ಸಿಗದಂತಾಗಿತ್ತು. ಬಯಲುಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ತುಂಬಲು ಪಶ್ಚಿಮ ಕರಾವಳಿಯಲ್ಲಿ ಒಂದು ಬಂದರು ಬೇಕಿತ್ತು. ಇಂಗ್ಲಿಷರ ಕಣ್ಣು ಬಿದ್ದದ್ದು ಕಾರವಾರದ ಬೈತಖೋಲದ ಮೇಲೆ. ಕಾಳಿ ನದಿಯ ಮುಖದಿಂದ ತುಸು ದಕ್ಷಿಣಕ್ಕೆ, ಗುಡ್ಡದ ಮರೆಯಲ್ಲಿ ನೈಋತ್ಯದ ಗಾಳಿಗೆ ಸಿಕ್ಕದೆ ಶಾಂತವಾಗಿರುವ ಕೊಲ್ಲಿ ಅದು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹತ್ತಿ ಒತ್ತುವ ಯಂತ್ರಗಳನ್ನು ಕಳಿಸಿತು. ಎದುರಿನ ದೇವಗಡ ದ್ವೀಪದಲ್ಲಿ 1864ರಲ್ಲಿ ದೀಪಸ್ತಂಭ ಎದ್ದಿತು. ಘಟ್ಟದ ರಸ್ತೆಗೆ ಹಣ ಬಂತು, ಕಾರವಾರ ಜಿಲ್ಲೆಯ ಮುಖ್ಯ ಪಟ್ಟಣವಾಯಿತು.

ಹತ್ತಿಯ ಕನಸು ಬಹಳ ಕಾಲ ಬಾಳಲಿಲ್ಲ. ರಸ್ತೆ ಮತ್ತು ಧಕ್ಕೆ ಮುಗಿಯುವ ಮೊದಲೇ ಕಂಪನಿ ಸೋತು ಹೋಯಿತು. 1880ರ ದಶಕದಲ್ಲಿ ಗೋವೆಯ ಮುರ್ಮುಗಾವಿಗೆ ರೈಲು ಬಂದ ಮೇಲೆ ಬಯಲುಸೀಮೆಯ ಸರಕು ಆ ಕಡೆ ಹರಿಯಿತು. ಬೈತಖೋಲ ಮತ್ತೆ ಮೀನುಗಾರರ ಕೊಲ್ಲಿಯಾಗಿ ಉಳಿಯಿತು. ಆದರೆ ಆ ಹತ್ತು ಹದಿನೈದು ವರ್ಷಗಳಲ್ಲಿ ಒಂದು ಮಾತು ಸ್ಪಷ್ಟವಾಗಿತ್ತು. ಬೇಕೆಂದರೆ ಸರ್ಕಾರದ ಬಳಿ ಹಣವಿರುತ್ತದೆ. ಯಾವುದಕ್ಕೆ ಬೇಕು ಎನ್ನುವುದಷ್ಟೇ ಪ್ರಶ್ನೆ.

ಅದೇ ವರ್ಷಗಳಲ್ಲಿ ಶಾಲೆಯ ಹಣ ಎಲ್ಲಿಂದ ಬರುತ್ತಿತ್ತು? ಮುಂಬಯಿ ಪ್ರಾಂತ್ಯದಲ್ಲಿ ರೈತನ ಭೂಕಂದಾಯದ ಮೇಲೆ ರೂಪಾಯಿಗೆ ಒಂದಾಣೆಯಂತೆ ಲೋಕಲ್ ಫಂಡ್ ಕರ ಎತ್ತುತ್ತಿದ್ದರು. 1869ರ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಆ ಆಣೆಯಲ್ಲಿ ಎರಡು ಪಾಲು ರಸ್ತೆಗೆ, ಒಂದು ಪಾಲು ಶಾಲೆಗೆ. ಆಣೆಗೆ ಹನ್ನೆರಡು ಪೈ. ಅಂದರೆ ರೈತ ಒಂದು ರೂಪಾಯಿ ಕಂದಾಯ ಕಟ್ಟಿದರೆ ಅದರ ಮೇಲೆ ಎಂಟು ಪೈ ರಸ್ತೆಗೆ, ನಾಲ್ಕು ಪೈ ಅವನ ಮಗನ ಶಾಲೆಗೆ. ರೂಪಾಯಿಗೆ ನೂರಾ ತೊಂಬತ್ತೆರಡು ಪೈ ಇದ್ದ ಕಾಲದಲ್ಲಿ ನಾಲ್ಕು ಪೈ ಎಂದರೆ ಕಂದಾಯದ ನೂರಕ್ಕೆ ಎರಡರಷ್ಟು. ಇದು ಸರ್ಕಾರ ತನ್ನ ಬೊಕ್ಕಸದಿಂದ ಕೊಟ್ಟದ್ದಲ್ಲ. ಕಂದಾಯ ಕಟ್ಟಿದವನಿಂದಲೇ ಅದರ ಮೇಲೆ ಇನ್ನಷ್ಟು ವಸೂಲು ಮಾಡಿದ್ದು.

ಈ ಏರ್ಪಾಡಿನಲ್ಲಿ ಬೈತಖೋಲದಂಥ ಊರಿಗೆ ಇನ್ನೊಂದು ತೊಡಕಿತ್ತು. ಕರ ಭೂಮಿಯ ಮೇಲೆ. ಖಾರ್ವಿ, ಹರಿಕಂತ್ರ, ಗಾಬಿತ ಮೀನುಗಾರರ ಮನೆಗಳಿಗೆ ಭೂಮಿ ಎಲ್ಲಿತ್ತು? ಅವರ ದುಡಿಮೆಯೆಲ್ಲ ನೀರಿನ ಮೇಲೆ ಮತ್ತು ಮರಳಿನ ಮೇಲೆ. ರಂಪಣಿ ಬಲೆ ಎಳೆಯಲು ಹತ್ತಾರು ಕೈ ಬೇಕು, ಹುಡುಗರ ಕೈಯೂ ಅದರಲ್ಲಿ ಸೇರುತ್ತಿತ್ತು. ಭೂಮಿಯ ಲೆಕ್ಕದ ಪುಸ್ತಕದಲ್ಲಿ ಅವರು ಬಹುಮಟ್ಟಿಗೆ ಇರಲೇ ಇಲ್ಲ. ಆದರೂ ಅವರು ತೆರಿಗೆ ಕಟ್ಟದವರಲ್ಲ. ಗಂಜಿಗೆ ಹಾಕುವ ಉಪ್ಪಿನ ಮೇಲೆ ಸುಂಕವಿತ್ತು. 1888ರ ಹೊತ್ತಿಗೆ ಅದು ಮಣಕ್ಕೆ ಎರಡೂವರೆ ರೂಪಾಯಿ. ದೇಶದ ಕಡುಬಡವನೂ ತಪ್ಪಿಸಿಕೊಳ್ಳಲಾಗದ ತೆರಿಗೆ ಅದೊಂದೇ.

ಉಪ್ಪಿನ ಸುಂಕ ಮತ್ತು ಶಾಲೆ, ಇವೆರಡನ್ನೂ ಒಟ್ಟಿಗೆ ಹಿಡಿದು ವಾದಿಸಿದವರು ಗೋಪಾಲಕೃಷ್ಣ ಗೋಖಲೆ. ಅವರೂ ಇದೇ ಕರಾವಳಿಯವರು, ರತ್ನಾಗಿರಿ ಜಿಲ್ಲೆಯ ಕೋತಳೂಕಿನಲ್ಲಿ 1866ರ ಮೇ 9ರಂದು ಹುಟ್ಟಿದವರು. 1902ರ ಬಜೆಟ್ ಭಾಷಣದಲ್ಲಿ ಅವರು ಶಾಸನ ಸಭೆಯಲ್ಲಿ ವೈಸರಾಯರ ಎದುರು ನಿಂತು, ಬಡವರಿಂದ ಕಿತ್ತ ಹಣ ಬೊಕ್ಕಸದಲ್ಲಿ ಉಳಿತಾಯವೆಂದು ಕಾಣುತ್ತಿದೆ, ಉಪ್ಪಿನ ಸುಂಕ ಇಳಿಸಿ ಎಂದು ಅಂಕಿ ಅಂಶ ಇಟ್ಟು ಕೇಳಿದರು. ಮುಂದಿನ ವರ್ಷವೇ ಸುಂಕ ಎರಡು ರೂಪಾಯಿಗೆ ಇಳಿಯಿತು, 1905ರಲ್ಲಿ ಒಂದೂವರೆಗೆ, 1907ರಲ್ಲಿ ಒಂದಕ್ಕೆ.

1910ರ ಮಾರ್ಚಿನಲ್ಲಿ ಅದೇ ಸಭೆಯಲ್ಲಿ ಗೋಖಲೆ ಪ್ರಾಥಮಿಕ ಶಿಕ್ಷಣ ಉಚಿತವೂ ಕಡ್ಡಾಯವೂ ಆಗಬೇಕೆಂಬ ನಿರ್ಣಯ ತಂದರು. ಈ ವಾದಕ್ಕೆ ಅವರು ಮುಂದಿಟ್ಟ ಪಟ್ಟಿಯನ್ನು ಇಂದಿಗೂ ತೆಗೆದು ನೋಡಬೇಕು. ಪ್ರಾಥಮಿಕ ಶಿಕ್ಷಣಕ್ಕೆ ತಲೆಗೆ ಇಷ್ಟು ಎಂದು ಯಾವ ದೇಶ ಎಷ್ಟು ಖರ್ಚು ಮಾಡುತ್ತದೆ ಎಂಬ ಲೆಕ್ಕ ಅದು. ಅಮೆರಿಕ 16 ಶಿಲಿಂಗ್. ಸ್ವಿಟ್ಜರ್ಲೆಂಡ್ 13 ಶಿಲಿಂಗ್ 8 ಪೆನ್ಸ್. ಇಂಗ್ಲೆಂಡ್ 10 ಶಿಲಿಂಗ್. ಜಪಾನ್ 1 ಶಿಲಿಂಗ್ 2 ಪೆನ್ಸ್. ಜಾರ್ ಚಕ್ರವರ್ತಿಯ ರಷ್ಯಾ ಕೂಡ ಏಳೂವರೆ ಪೆನ್ಸ್. ಭಾರತ ಒಂದು ಪೆನ್ನಿ, ಅದೂ ಕಷ್ಟದಿಂದ. ಆಗಿನ ವಿನಿಮಯ ದರದಲ್ಲಿ ರೂಪಾಯಿಗೆ ಹದಿನಾರು ಪೆನ್ಸ್. ಹಾಗಾಗಿ ಒಂದು ಪೆನ್ನಿ ಎಂದರೆ ಸರಿಯಾಗಿ ಒಂದಾಣೆ. ಇಂಗ್ಲೆಂಡಿನ ಸರ್ಕಾರ ತನ್ನ ದೇಶದಲ್ಲಿ ತಲೆಗೆ ಏಳೂವರೆ ರೂಪಾಯಿ, ತಾನು ಆಳುವ ದೇಶದಲ್ಲಿ ಒಂದಾಣೆ!

ರಾಷ್ಟ್ರೀಯ ಆದಾಯ ಎಂಬ ಲೆಕ್ಕ ಆಗಿನ್ನೂ ಆಡಳಿತದ ಭಾಷೆಗೆ ಬಂದಿರಲಿಲ್ಲ. ದಾದಾಭಾಯಿ ನವರೋಜಿ ಅದಕ್ಕೆ ದಾರಿ ಮಾಡಿದ್ದರು ಅಷ್ಟೆ. ಆದರೆ ಗೋಖಲೆ ಕೇಳಿದ ಪ್ರಶ್ನೆ ಅದೇ. ದೇಶದ ಗಳಿಕೆಯಲ್ಲಿ ಮಕ್ಕಳ ಓದಿಗೆ ಎಷ್ಟು ಪಾಲು?

1911ರ ಮಾರ್ಚ್ 16ರಂದು ಅವರು ಮಸೂದೆಯನ್ನೇ ಮಂಡಿಸಿದರು. ಅದು ಬಹಳ ಹದವಾದ ಮಸೂದೆ. ಆರರಿಂದ ಹತ್ತು ವರ್ಷದ ಹುಡುಗರಿಗೆ ಮಾತ್ರ ಕಡ್ಡಾಯ, ಅದೂ ಈಗಾಗಲೇ ತಕ್ಕಷ್ಟು ಮಕ್ಕಳು ಶಾಲೆಯಲ್ಲಿರುವ ಊರುಗಳಲ್ಲಿ, ಅದೂ ಸ್ಥಳೀಯ ಮಂಡಳಿ ಒಪ್ಪಿದರೆ. ತಿಂಗಳಿಗೆ ಹತ್ತು ರೂಪಾಯಿಗಿಂತ ಕಡಿಮೆ ಗಳಿಸುವವರ ಮಕ್ಕಳಿಗೆ ಶುಲ್ಕವಿಲ್ಲ. ಖರ್ಚಿನಲ್ಲಿ ಮೂರರಲ್ಲೊಂದು ಪಾಲು ಸ್ಥಳೀಯ ಮಂಡಳಿಯದು, ಎರಡು ಪಾಲು ಸರ್ಕಾರದ್ದು. ಎಲ್ಲ ಹುಡುಗರನ್ನೂ ಶಾಲೆಗೆ ತರಲು ವರ್ಷಕ್ಕೆ ಹೆಚ್ಚುವರಿಯಾಗಿ ಸುಮಾರು ನಾಲ್ಕೂವರೆ ಕೋಟಿ ರೂಪಾಯಿ ಸಾಕು, ಅದನ್ನು ಹತ್ತು ವರ್ಷಗಳಲ್ಲಿ ಹಂತ ಹಂತವಾಗಿ ಏರಿಸಿಕೊಂಡು ಹೋದರಾಯಿತು ಎಂಬುದು ಅವರ ಅಂದಾಜು. ಆಮದು ಸುಂಕವನ್ನು ನೂರಕ್ಕೆ ಐದರಿಂದ ಏಳೂವರೆಗೆ ಏರಿಸಿ ಎಂದರು. ಅದೂ ಸಾಲದಿದ್ದರೆ ಉಪ್ಪಿನ ಮೇಲೆ ಮಣಕ್ಕೆ ಎಂಟಾಣೆ ಹಾಕಿದರೂ ಒಪ್ಪುತ್ತೇನೆ ಎಂದರು. ಉಪ್ಪಿನ ಸುಂಕ ಇಳಿಸಲು ವರ್ಷಗಟ್ಟಲೆ ಹೋರಾಡಿದ ಮನುಷ್ಯ, ನನ್ನ ದೇಶದವರು ಉಪ್ಪು ಕಡಿಮೆ ತಿಂದರೂ ಚಿಂತೆಯಿಲ್ಲ, ಅವರ ಮಕ್ಕಳು ಅಜ್ಞಾನದಲ್ಲಿ ಬೆಳೆಯಬಾರದು ಎಂಬಲ್ಲಿಗೆ ಬಂದು ನಿಂತಿದ್ದರು. ಇದನ್ನು ಓದಿದಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ.

ಮಸೂದೆ ಬಿದ್ದುಹೋಯಿತು. 1912ರ ಮಾರ್ಚ್ 19ರಂದು ಪರವಾಗಿ 13, ವಿರುದ್ಧ 38 ಮತ. ಹಣವಿಲ್ಲ ಎಂದಿತು ಸರ್ಕಾರ. ದುಡಿಯುವ ಕೈಗಳು ಕಡಿಮೆಯಾಗುತ್ತವೆ ಎಂಬ ಅಳುಕು ಜಮೀನುದಾರರಿಗೆ. ಮೂರು ತಿಂಗಳ ಹಿಂದಷ್ಟೇ ದೆಹಲಿ ದರ್ಬಾರಿನಲ್ಲಿ ಐದನೆಯ ಜಾರ್ಜ್ ದೊರೆ ಜನಶಿಕ್ಷಣಕ್ಕೆ 50 ಲಕ್ಷ ರೂಪಾಯಿ ಘೋಷಿಸಿದ್ದರು. ಹಕ್ಕಾಗಿ ಕೇಳಿದ್ದನ್ನು ನಿರಾಕರಿಸಿ ದಾನವಾಗಿ ಸ್ವಲ್ಪ ಕೊಡುವ ಪದ್ಧತಿ. ಬರೋಡೆಯ ಸಯಾಜಿರಾವ್ ಮಹಾರಾಜರು 1906ರಲ್ಲೇ ತಮ್ಮ ಸಂಸ್ಥಾನದಲ್ಲಿ ಕಡ್ಡಾಯ ಶಿಕ್ಷಣ ತಂದಿದ್ದರು, ಮೈಸೂರು 1913ರಲ್ಲಿ ಅದಕ್ಕೆ ಕಾನೂನು ಮಾಡಿತು. ಮುಂಬಯಿ ಪ್ರಾಂತ್ಯದಲ್ಲಿ 1918ರಲ್ಲಿ ವಿಠ್ಠಲಭಾಯಿ ಪಟೇಲರ ಕಾಯ್ದೆ ಬಂತಾದರೂ ಅದು ಮುನಿಸಿಪಾಲಿಟಿಗಳಿಗಷ್ಟೇ. ಗೋಖಲೆ ಅದನ್ನು ನೋಡಲಿಲ್ಲ, 1915ರಲ್ಲೇ ತೀರಿಕೊಂಡಿದ್ದರು.

ಅವರು ಬಿಟ್ಟುಹೋದದ್ದು ಭಾರತ ಸೇವಕ ಸಮಾಜವನ್ನು. 1905ರಲ್ಲಿ ಪುಣೆಯಲ್ಲಿ ಕಟ್ಟಿದ ಆ ಸಂಸ್ಥೆಯ ಮೂಲಕವೇ ಗೋಖಲೆಯವರ ಹೆಸರು ಕಾರವಾರದ ಪಕ್ಕದ ಅಂಕೋಲೆಗೆ ಬಂದದ್ದು.

ಅಂಕೋಲೆಯ ಕಥೆಯಲ್ಲೂ ಮೊದಲು ಬರುವುದು ಉಪ್ಪೇ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯ ಕಡಲ ತೀರದಲ್ಲಿ ಉಪ್ಪು ತಯಾರಿಸಿ ಕಾನೂನು ಮುರಿದರು. 1932ರ ಕರನಿರಾಕರಣೆಯಲ್ಲಿ ಅಂಕೋಲೆ ಮತ್ತು ಸಿದ್ದಾಪುರದ ರೈತರು ಕಂದಾಯ ಕಟ್ಟಲಿಲ್ಲ. ಗದ್ದೆ, ಮನೆ, ದನಕರು ಜಪ್ತಿಯಾದವು. ನಾಡವರು, ಹಾಲಕ್ಕಿಗಳು, ಕೋಮಾರಪಂತರು, ಎಷ್ಟೋ ಮನೆಗಳು ಬೀದಿಗೆ ಬಂದವು. ಕಳೆದುಕೊಂಡ ಭೂಮಿ ಮತ್ತೆ ಕೈಗೆ ಬಂದದ್ದು ಮುಂಬಯಿಯಲ್ಲಿ ಬಿ.ಜಿ. ಖೇರರ ಕಾಂಗ್ರೆಸ್ ಸರ್ಕಾರ ಬಂದ ಮೇಲೆ. ಪರಸರ್ಕಾರಕ್ಕೆ ಕರ ಕೊಡೆವು ಎಂದು ಎಲ್ಲವನ್ನೂ ಒಡ್ಡಿಕೊಂಡ ಇದೇ ತಾಲೂಕು ಮುಂದೆ ಮಕ್ಕಳ ಶಾಲೆಗೆಂದು ಕೇಳಿದಾಗ ಕೈ ಹಿಂದೆ ಮಾಡಲಿಲ್ಲ.

ಕೇಳಿದವರು ದಿನಕರ ದೇಸಾಯಿ. ಅಂಕೋಲೆಯ ಅಲಗೇರಿಯಲ್ಲಿ 1909ರಲ್ಲಿ ಹುಟ್ಟಿದರು. ಕನ್ನಡಿಗರಿಗೆ ಅವರು ಚುಟುಕು ಬರೆದವರೆಂದೇ ಹೆಚ್ಚು ಪರಿಚಿತರು. ಆ ಕೀರ್ತಿಯ ನೆರಳಿನಲ್ಲಿ ಅವರ ಇನ್ನೊಂದು ಕೆಲಸ ಮಸುಕಾಗಿದೆ ಎಂಬುದು ನನ್ನ ಕೊರಗು. ಭಾರತ ಸೇವಕ ಸಮಾಜದ ಸದಸ್ಯರಾಗಿ ಮುಂಬಯಿಯಲ್ಲಿ ಹಡಗಿನ ಕಾರ್ಮಿಕರ ಸಂಘಟನೆಯಲ್ಲಿ ದುಡಿದರು. ಹಡಗಿನ ಕಾರ್ಮಿಕರ ಬಗ್ಗೆಯೂ ಭಾರತದ ಪ್ರಾಥಮಿಕ ಶಿಕ್ಷಣದ ಬಗ್ಗೆಯೂ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಊರಿಗೆ ಬಂದು ಗೇಣಿದಾರ ರೈತರನ್ನು ಒಡೆಯರ ಎದುರು ಎತ್ತಿ ನಿಲ್ಲಿಸಿದರು. ಅದಕ್ಕೆ ಸಿಕ್ಕ ಬಹುಮಾನ ಜಿಲ್ಲೆಯಿಂದ ಐದು ವರ್ಷ ಗಡಿಪಾರು.

ಗೇಣಿಯ ಹೋರಾಟದಲ್ಲಿ ಅವರಿಗೆ ಒಂದು ಅನುಭವವಾಗಿತ್ತು. ಗೇಣಿಚೀಟಿಯಲ್ಲಿ ಏನು ಬರೆದಿದೆ ಎಂದು ಓದಲಾಗದ ಒಕ್ಕಲಿಗೆ ಕಾನೂನು ಇದ್ದೂ ಇಲ್ಲದ ಹಾಗೆ. 1953ರಲ್ಲಿ ಅವರು ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿದರು. ಟ್ರಸ್ಟಿನ ಶಾಲೆಗಳು ಅಂಕೋಲೆಯ ಹಳ್ಳಿಗಳಿಂದ ಹಿಡಿದು ದಾಂಡೇಲಿಯ ಜನತಾ ವಿದ್ಯಾಲಯದವರೆಗೆ ಹಬ್ಬಿದವು. ಕಾರವಾರದಲ್ಲಿ ದಿವೇಕರ ವಾಣಿಜ್ಯ ಕಾಲೇಜು ಅದರದೇ. 1966ರಲ್ಲಿ, ಗೋಖಲೆ ಹುಟ್ಟಿ ನೂರು ವರ್ಷ ತುಂಬಿದಾಗ, ಅಂಕೋಲೆಯಲ್ಲಿ ಕಾಲೇಜು ತೆರೆದು ಗೋಖಲೆ ಶತಮಾನೋತ್ಸವ ಕಾಲೇಜು ಎಂದು ಹೆಸರಿಟ್ಟರು. ಗೋಖಲೆಯವರಿಗೆ ಪುಣೆ, ಮುಂಬಯಿಗಳಲ್ಲಿ ಎಷ್ಟೋ ಸ್ಮಾರಕಗಳಿವೆ. ಕಡ್ಡಾಯ ಶಿಕ್ಷಣದ ಮಸೂದೆ ಸೋತವರಿಗೆ, ಉಪ್ಪಿನ ಸುಂಕದ ಮೇಲೆ ಮಾತಾಡಿದವರಿಗೆ, ಉಪ್ಪಿನ ಸತ್ಯಾಗ್ರಹದ ಊರಿನಲ್ಲಿ ಎದ್ದ ಆ ಕಾಲೇಜಿಗಿಂತ ತಕ್ಕ ಸ್ಮಾರಕ ನನಗೆ ಇನ್ನೊಂದು ತೋರುವುದಿಲ್ಲ.

ಇಂಥ ಶಾಲೆ ನಡೆಯುತ್ತಿದ್ದ ಬಗೆ ತಿಳಿದವರಿಗೆ ಗೊತ್ತು. ಜಾಗ, ಕಟ್ಟಡ, ಬೆಂಚು, ಕಪ್ಪುಹಲಗೆ ಆಡಳಿತ ಮಂಡಳಿಯ ಹೊಣೆ. ಅದು ಚಂದಾ ಎತ್ತಿ, ದಾನಿಗಳ ಮನೆ ಬಾಗಿಲಿಗೆ ಹೋಗಿ ತರಬೇಕಾದ ಹಣ. ಅನುದಾನ ಮಂಜೂರಾದರೆ ಮಾಸ್ತರರ ಸಂಬಳ ಸರ್ಕಾರದಿಂದ. ದೇಶ ಶಿಕ್ಷಣಕ್ಕೆ ಇಷ್ಟು ಖರ್ಚು ಮಾಡಿತು ಎಂದು ಸರ್ಕಾರ ಹೇಳುವಾಗ ಬರುವುದು ಈ ಎರಡನೆಯ ಭಾಗ ಮಾತ್ರ. ಒಕ್ಕಲು ಮನೆಯವರು ಕೊಟ್ಟ ಅಕ್ಕಿ, ಆಳುಗೆಲಸ, ಮುಂಬಯಿಯ ಗಿರಣಿಯಲ್ಲೋ ಹಡಗಿನಲ್ಲೋ ದುಡಿದವರು ಕಳಿಸಿದ ಮನಿಆರ್ಡರು ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ. ಸರ್ಕಾರದ ಪಾಲು ಕಡಿಮೆಯಿದ್ದಷ್ಟೂ ಈ ಕಾಣದ ಪಾಲು ಹೆಚ್ಚುತ್ತದೆ, ಇಲ್ಲವೇ ಶಾಲೆಯೇ ಇರುವುದಿಲ್ಲ.

ಅದೇ 1966ರ ಜೂನ್ 29ರಂದು ದೆಹಲಿಯಲ್ಲಿ ಡಿ.ಎಸ್. ಕೊಠಾರಿ ಅಧ್ಯಕ್ಷತೆಯ ಶಿಕ್ಷಣ ಆಯೋಗ ತನ್ನ ವರದಿ ಒಪ್ಪಿಸಿತು. ಅದರ ಸದಸ್ಯ ಕಾರ್ಯದರ್ಶಿ ಜೆ.ಪಿ. ನಾಯಕ್, ಕೊಲ್ಲಾಪುರದ ಕಡೆಯವರು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡು ಬಂದ ಮೇಲೆ ಧಾರವಾಡದ ಉಪ್ಪಿನಬೆಟಗೇರಿಯಲ್ಲಿ ಕೂತು ಹಳ್ಳಿಯ ಕೆಲಸ ಮಾಡಿದವರು. ಮುಂಬಯಿ ಕರ್ನಾಟಕದ ಹಳ್ಳಿ ಹೇಗಿರುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಯೋಗದ ಲೆಕ್ಕ ಹೀಗಿತ್ತು. 1950–51ರಲ್ಲಿ ದೇಶ ರಾಷ್ಟ್ರೀಯ ಆದಾಯದ ಶೇ 1.2ನ್ನು ಶಿಕ್ಷಣಕ್ಕೆ ಖರ್ಚು ಮಾಡುತ್ತಿತ್ತು. 1965–66ಕ್ಕೆ ಅದು ಶೇ 2.9ಕ್ಕೆ ಏರಿತ್ತು. ಇನ್ನು ಇಪ್ಪತ್ತು ವರ್ಷಗಳಲ್ಲಿ, ಅಂದರೆ 1985–86ರ ಹೊತ್ತಿಗೆ, ಶೇ 6 ಆಗಬೇಕು. ತಲೆಗೆ 12 ರೂಪಾಯಿ ಇದ್ದದ್ದು 54 ರೂಪಾಯಿ ಆಗಬೇಕು. ಈ ಆರು ಎಂಬ ಅಂಕಿ ಆಕಾಶದಿಂದ ಉದುರಿದ್ದಲ್ಲ. ಎಷ್ಟು ಮಕ್ಕಳು, ಎಷ್ಟು ಮಾಸ್ತರರು, ಅವರಿಗೆ ಎಷ್ಟು ಸಂಬಳ, ಆದಾಯ ಎಷ್ಟು ಬೆಳೆದೀತು ಎಂದು ಕೂಡಿಸಿ ಕಳೆದು ಕಂಡುಕೊಂಡದ್ದು.

ರೂಪಾಯಿಯಲ್ಲಿ ಹೇಳದೆ ಪಾಲಿನಲ್ಲಿ ಯಾಕೆ ಹೇಳಬೇಕು ಎನ್ನುವುದು ಬೈತಖೋಲದವರಿಗೆ ಬೇಗ ತಿಳಿಯುತ್ತದೆ. ಮೀನು ಮಾರಿ ಬಂದ ಹಣದಲ್ಲಿ ಡೀಸೆಲ್ಲು, ಮಂಜುಗಡ್ಡೆಯ ಖರ್ಚು ತೆಗೆದು, ಉಳಿದದ್ದು ದೋಣಿಗಿಷ್ಟು, ದುಡಿದವರಿಗಿಷ್ಟು ಎಂದು ಹಂಚಿಕೆಯಾಗುತ್ತದೆ. ಬಂಗಡೆ ಚೆನ್ನಾಗಿ ಬಿದ್ದ ದಿನ ಎಲ್ಲರ ಕೈಗೂ ಹೆಚ್ಚು ಬರಬೇಕು. ಕಳೆದ ವರ್ಷಕ್ಕಿಂತ ನೂರು ರೂಪಾಯಿ ಜಾಸ್ತಿ ಕೊಟ್ಟಿದ್ದೇನಲ್ಲ ಎಂದು ದೋಣಿಯ ಯಜಮಾನ ಹೇಳಿದರೆ, ಹಿಡಿದದ್ದೆಷ್ಟು, ನಮ್ಮ ಪಾಲೆಷ್ಟು ಎಂದೇ ಕೇಳುತ್ತಾರೆ. ಪ್ರತಿ ಬಜೆಟ್ಟಿನಲ್ಲೂ ಶಿಕ್ಷಣಕ್ಕೆ ದಾಖಲೆಯ ಮೊತ್ತ ಎಂದು ಕೇಳುತ್ತೇವೆ. ದೇಶದ ಗಳಿಕೆ ಬೆಳೆಯುತ್ತಿರುವಾಗ ಮೊತ್ತ ಪ್ರತಿ ವರ್ಷವೂ ದಾಖಲೆಯೇ. ಪಾಲು ಮಾತ್ರ ನಿಂತಲ್ಲೇ ನಿಂತಿರಬಹುದು. ಆದಾಯ ಅಂದುಕೊಂಡಷ್ಟು ಬೆಳೆಯಲಿಲ್ಲ, ಆದ್ದರಿಂದ ಆರಕ್ಕೆ ಮುಟ್ಟಲಿಲ್ಲ ಎನ್ನುವ ಸಮಾಧಾನವೂ ನಿಲ್ಲುವುದಿಲ್ಲ. ಆದಾಯ ಕಡಿಮೆಯಾದರೆ ಅದರ ಶೇ 6ರ ಪಾಲೂ ಕಡಿಮೆಯೇ ಅಲ್ಲವೆ?

ದಿನಕರ ದೇಸಾಯಿ 1967ರಲ್ಲಿ ಕೆನರಾ ಕ್ಷೇತ್ರದಿಂದ ಪಕ್ಷೇತರರಾಗಿ ಲೋಕಸಭೆಗೆ ಗೆದ್ದು ಹೋದರು. ಅವರು ಸದಸ್ಯರಾಗಿದ್ದ ಅವಧಿಯಲ್ಲೇ, 1968ರಲ್ಲಿ, ಮೊದಲ ರಾಷ್ಟ್ರೀಯ ಶಿಕ್ಷಣ ನೀತಿ ಹೊರಬಂತು. ಶೇ 6 ಎಂಬ ಗುರಿಯನ್ನು ಅದು ಒಪ್ಪಿತು. ಕೊಠಾರಿ ಆಯೋಗ ಕೊಟ್ಟಿದ್ದ ಗಡುವಿನ ಜಾಗದಲ್ಲಿ ‘ಆದಷ್ಟು ಬೇಗ’ ಎಂಬ ಮಾತು ಬಂದು ಕೂತಿತು. ಮುಂದಿನದೆಲ್ಲ ಆ ಮಾತಿನಿಂದಲೇ ಹುಟ್ಟಿದ ಕಥೆ.

ಈ ನಡುವೆ ಬೈತಖೋಲಕ್ಕೆ ಎರಡನೆಯ ಸಲ ಸರ್ಕಾರದ ಹಣ ಬಂದಿತ್ತು. 1963ರಲ್ಲಿ ಇಂಡೋ–ನಾರ್ವೇಜಿಯನ್ ಯೋಜನೆ ಕೇರಳದಿಂದ ಕಾರವಾರಕ್ಕೂ ಚಾಚಿತು. ಯಾಂತ್ರಿಕ ದೋಣಿ, ಮಂಜುಗಡ್ಡೆ, ಶೀತಲಗೃಹ ಬಂದವು. ರಂಪಣಿಯ ಕಾಲ ಇಳಿಯುತ್ತ ಟ್ರಾಲರಿನ ಕಾಲ ಏರಿತು. ಇದು ಒಳ್ಳೆಯ ಖರ್ಚೇ, ಎಷ್ಟೋ ಮನೆ ಅದರಿಂದ ನಿಂತವು. ಮೂರನೆಯ ಸಲ ಈ ಕರಾವಳಿಗೆ ಹಣ ಬಂದದ್ದು 1986ರಲ್ಲಿ. ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಅರಗಾದಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಇಟ್ಟರು. ಕಾರವಾರ ಮತ್ತು ಅಂಕೋಲೆಯ ನಡುವಿನ ಹಳ್ಳಿಗಳಿಂದ ಸಾವಿರಾರು ಕುಟುಂಬಗಳು ಎದ್ದು ಹೋಗಬೇಕಾಯಿತು. ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು ಅಲೆದರು. 2005ರ ಮೇ 31ರಂದು ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು. ದೇಶಕ್ಕೆ ನೌಕಾನೆಲೆ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ನಾನು ನೋಡುವುದು ಇಸವಿಯನ್ನು. 1985–86 ಕೊಠಾರಿ ಆಯೋಗದ ಗಡುವು. ಅದು ಮುಗಿದ ಬೆನ್ನಿಗೇ, 1986ರ ಮೇ ತಿಂಗಳಲ್ಲಿ, ಹೊಸ ಶಿಕ್ಷಣ ನೀತಿ ಬಂತು. ಎಂಟನೆಯ ಪಂಚವಾರ್ಷಿಕ ಯೋಜನೆಯಿಂದ ಶೇ 6ನ್ನು ಮೀರುತ್ತೇವೆ ಎಂದು ಅದು ಮಾತು ಕೊಟ್ಟಿತು. ಎಂಟನೆಯ ಯೋಜನೆ ಬಂದು ಹೋಯಿತು. ನೌಕಾನೆಲೆ ತಡವಾಗಿಯಾದರೂ ಕಣ್ಣೆದುರು ಎದ್ದು ನಿಂತಿದೆ.

2004ರಲ್ಲಿ ಕೇಂದ್ರದ ತೆರಿಗೆಗಳ ಮೇಲೆ ಶೇ 2ರ ಶಿಕ್ಷಣ ಸೆಸ್ ಹಾಕಿದರು, 2007ರಲ್ಲಿ ಇನ್ನೊಂದು, 2018ರಲ್ಲಿ ಆರೋಗ್ಯವನ್ನೂ ಸೇರಿಸಿ ಶೇ 4. ತೆರಿಗೆಯ ಮೇಲೆ ತೆರಿಗೆ ಹಾಕಿ ಶಾಲೆ ನಡೆಸುವುದು 1869ರ ಒಂದಾಣೆಯ ಉಪಾಯವೇ. ಒಂದು ವ್ಯತ್ಯಾಸ: ಒಂದಾಣೆ ಜಿಲ್ಲೆಯಲ್ಲೇ ಉಳಿಯುತ್ತಿತ್ತು, ಸೆಸ್ಸಿನ ಹಣ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ತೆರಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಶಾಲೆಯ ಖರ್ಚಿನ ಬಹುಪಾಲು ಹೊರುವುದು ಮಾತ್ರ ರಾಜ್ಯಗಳೇ. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಯಿತು. ಗೋಖಲೆ ನಿರ್ಣಯ ತಂದದ್ದು 1910ರಲ್ಲಿ. ಕಡ್ಡಾಯ ಮತ್ತು ಉಚಿತ ಎಂಬೆರಡು ಮಾತು ದೇಶದ ಮಕ್ಕಳಿಗೆ ಕಾನೂನಾಗಲು ಸರಿಯಾಗಿ ನೂರು ವರ್ಷ ಬೇಕಾಯಿತು.

ಬೈತಖೋಲದ ಧಕ್ಕೆಯಲ್ಲಿ ಜೂನ್ ತಿಂಗಳು ಹೇಗಿರುತ್ತದೆ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ದೋಣಿಗಳೆಲ್ಲ ಒತ್ತೊತ್ತಾಗಿ ಲಂಗರು ಹಾಕಿ, ಮೇಲೆ ತಾಡಪಾಲು ಹೊದ್ದು ಮಳೆಯಲ್ಲಿ ನಿಂತಿರುತ್ತವೆ. ಗಂಡಸರು ಹರಿದ ಬಲೆ ಹೆಣೆಯುತ್ತಾರೆ, ಹೆಂಗಸರು ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನು ಮಾರುತ್ತಾರೆ. ಮನೆಗೆ ಬರುವ ಹಣ ನಿಂತಿರುತ್ತದೆ. ಶಾಲೆ ತೆರೆಯುವುದೂ ಅದೇ ಹೊತ್ತಿಗೆ. ಪುಸ್ತಕ, ಕೊಡೆ, ಚೀಲ, ಖಾಸಗಿ ಶಾಲೆಯಾದರೆ ಶುಲ್ಕ, ಎಲ್ಲವೂ ಮೀನಿಲ್ಲದ ಎರಡು ತಿಂಗಳಲ್ಲೇ ಆಗಬೇಕು. ಸಾಲ ಮಾಡಿಯಾದರೂ ಮಾಡುತ್ತಾರೆ. ಆ ಸಾಲ ಸರ್ಕಾರ ಕೊಡದೆ ಉಳಿಸಿಕೊಂಡ ಪಾಲು. ಸರ್ಕಾರಿ ಶಾಲೆಯಲ್ಲಿ ತರಗತಿಗೊಬ್ಬ ಶಿಕ್ಷಕಿ, ಸೋರದ ಮಾಡು, ಸಮಯಕ್ಕೆ ಪುಸ್ತಕ, ಸಮವಸ್ತ್ರ ಇದ್ದರೆ ಈ ಮನೆಗಳು ಶುಲ್ಕ ಕಟ್ಟಿ ಬೇರೆ ಶಾಲೆಗೆ ಹೋಗುವುದು ಯಾಕೆ?

2020ರ ಹೊಸ ಶಿಕ್ಷಣ ನೀತಿಯೂ ಶೇ 6 ಎಂದೇ ಹೇಳುತ್ತದೆ, ಮತ್ತೆ ಆದಷ್ಟು ಬೇಗ ಎಂಬ ಅರ್ಥದ ಮಾತಿನೊಂದಿಗೇ. ಆರ್ಥಿಕ ಸಮೀಕ್ಷೆಯ ಲೆಕ್ಕ ಹಿಡಿದರೆ ನಾವಿರುವುದು ಶೇ 3ರ ಆಸುಪಾಸಿನಲ್ಲಿ. ಬೇರೆಲ್ಲ ಇಲಾಖೆಗಳು ತರಬೇತಿ, ಶಿಕ್ಷಣಕ್ಕೆಂದು ಮಾಡುವ ಖರ್ಚನ್ನೂ ಕೂಡಿಸಿ ಶಿಕ್ಷಣ ಸಚಿವಾಲಯ ಹಾಕುವ ಲೆಕ್ಕದಲ್ಲಿ ಅದು 4ನ್ನು ದಾಟುತ್ತದೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಆರಕ್ಕೆ ದೂರವೇ. ಮುಂದಿನ ಬಜೆಟ್ಟಿನ ದಿನ ಪತ್ರಿಕೆಯಲ್ಲಿ ಕೋಟಿಗಳ ಸಂಖ್ಯೆ ದಪ್ಪ ಅಕ್ಷರದಲ್ಲಿ ಬಂದಾಗ ಓದುಗರು ಅದನ್ನು ಪಕ್ಕಕ್ಕಿಟ್ಟು ಪಾಲನ್ನು ಹುಡುಕಬೇಕು, ಮತ ಕೇಳಲು ಬಂದವರನ್ನು ಪಾಲಿನ ಬಗ್ಗೆಯೇ ಕೇಳಬೇಕು. ಕೊಠಾರಿ ಆಯೋಗ ವರದಿ ಕೊಟ್ಟ ವರ್ಷದಿಂದ ಇಂದಿನವರೆಗೆ, ಯಾವ ಪಕ್ಷದ ಸರ್ಕಾರವಿದ್ದಾಗಲೂ, ಒಂದೇ ಒಂದು ವರ್ಷವೂ ಭಾರತ ಶಿಕ್ಷಣಕ್ಕೆ ತನ್ನ ಆದಾಯದ ಶೇ 6 ಖರ್ಚು ಮಾಡಿಲ್ಲ.